ಜೇಬಿಗೆ ಭಾರವಾಗದೆ ಕಿವಿಗೆ ಗಾಳಿ ಬೆಳಕು: ಹೆಡ್‌ಫೋನ್ ಆರಿಸೋದು ಹೇಗೆ?

ಹೊಸ ಹೆಡ್‌ಫೋನ್ ಹಾಕಿಕೊಂಡು ಹಾಡು ಶುರು ಮಾಡ್ತೀರಿ. ಬೇಸ್ ಗುಮ್ಮಂತ ಬರುತ್ತೆ, ದನಿಯೂ ಜೋರಾಗಿದೆ. ಆದರೂ ಏನೋ ಇಕ್ಕಟ್ಟು. ಹಾಡುವವರು, ಪಿಟೀಲು, ಮೃದಂಗ ಎಲ್ಲರೂ ಒಂದೇ ಆಟೋದಲ್ಲಿ ಒತ್ತಿಕೊಂಡು ಕೂತ ಹಾಗೆ. ಅದೇ ಹಾಡು ಸ್ನೇಹಿತರ ಹೆಡ್‌ಫೋನ್‌ನಲ್ಲಿ ಕೇಳಿದರೆ ಒಬ್ಬೊಬ್ಬರೂ ತಮ್ಮ ಜಾಗದಲ್ಲಿ ಆರಾಮಾಗಿದ್ದಾರೆ, ನಡುವೆ ಗಾಳಿ ಆಡ್ತಿದೆ ಅನ್ನಿಸುತ್ತೆ. ‘ಅದು ದುಬಾರಿದು ಬಿಡಿ’ ಅಂತ ಸುಮ್ಮನಾಗಬೇಡಿ. ಈ ವಿಶಾಲ ಅನುಭವಕ್ಕೆ ಬೆಲೆಗಿಂತ ಹೆಚ್ಚು ಮುಖ್ಯವಾದದ್ದು ಹೆಡ್‌ಫೋನ್‌ನ ವಿನ್ಯಾಸ, ಅದು ಕಿವಿಗೆ ಕೂರುವ ರೀತಿ ಮತ್ತು ನೀವು ಕೇಳುವ ಜಾಗ.

ದನಿಗೆ ‘ಜಾಗ’ ಎಲ್ಲಿಂದ ಬರುತ್ತೆ?

ಕೋಣೆಯಲ್ಲಿ ಸ್ಪೀಕರ್ ಹಾಕಿದಾಗ ಎಡಗಡೆಯ ಸ್ಪೀಕರಿನ ಸದ್ದು ಬಲಗಿವಿಗೂ ತಲುಪುತ್ತೆ, ಒಂಚೂರು ತಡವಾಗಿ. ಪೂರ್ತಿ ಪಕ್ಕದಿಂದ ಬರುವ ಸದ್ದಿಗೂ ಈ ತಡ ಒಂದು ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತ ಕಡಿಮೆ. ಅಷ್ಟರಲ್ಲೇ ಮೆದುಳು ಸದ್ದಿನ ದಿಕ್ಕನ್ನು ಲೆಕ್ಕ ಹಾಕಿಬಿಡುತ್ತೆ. ಹೆಡ್‌ಫೋನ್‌ನಲ್ಲಿ ಎಡದ್ದು ಎಡಕ್ಕೆ, ಬಲದ್ದು ಬಲಕ್ಕೆ ಮಾತ್ರ. ಹಾಗಾಗಿ ಹಾಡು ತಲೆಯೊಳಗೇ ನಡೀತಿದೆ ಅನ್ನಿಸೋದು ಸಹಜ.

ಇನ್ನು ‘ಗಾಳಿಯಾಡುವ’ ಗುಣ. ತಂಬೂರಿಯ ಝೇಂಕಾರ, ತಾಳದ ಕಿಣಿಕಿಣಿ, ಹಾಡುವವರ ಉಸಿರು, ಇವುಗಳ ನವಿರಾದ ಭಾಗ ಇರೋದು ತೀರಾ ಮೇಲಿನ ಸ್ತರದಲ್ಲಿ, ಸುಮಾರು 10,000 ಹರ್ಟ್ಜ್‌ ಆಸುಪಾಸಿನಲ್ಲಿ ಮತ್ತು ಅದಕ್ಕೂ ಮೇಲೆ. ಬೇಸ್ ಅತಿಯಾದರೆ ಈ ಸೂಕ್ಷ್ಮಗಳೆಲ್ಲ ಅದರಡಿ ಮುಚ್ಚಿಹೋಗುತ್ತವೆ.

ಬೆನ್ನು ತೆರೆದ ಹೆಡ್‌ಫೋನ್

ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನದ ರಾಮನವಮಿ ಚಪ್ಪರದಲ್ಲಿ ಕಛೇರಿ ಕೇಳೋದಕ್ಕೂ ಬಾಗಿಲು ಹಾಕಿದ ಪುಟ್ಟ ಕೋಣೆಯಲ್ಲಿ ಕೇಳೋದಕ್ಕೂ ವ್ಯತ್ಯಾಸ ಇದೆ ಅಲ್ವಾ? ಹೆಡ್‌ಫೋನ್‌ನಲ್ಲೂ ಹಾಗೇ. ಮಾಮೂಲಿ ಹೆಡ್‌ಫೋನ್‌ಗಳ ಹಿಂಬದಿ ಮುಚ್ಚಿರುತ್ತೆ, ಹಿಂದಕ್ಕೆ ಹೋದ ಸದ್ದು ಒಳಗೇ ಬಡಿದಾಡುತ್ತೆ. ‘ಓಪನ್ ಬ್ಯಾಕ್’ ಮಾದರಿಯಲ್ಲಿ ಹಿಂದೆ ಜಾಲರಿ ಇರುತ್ತೆ, ಸದ್ದು ಹೊರಗೆ ಹರಿದುಹೋಗುತ್ತೆ. ದನಿ ಬಿಡಿಬಿಡಿಯಾಗಿ, ಹಗುರವಾಗಿ ಕೇಳಿಸೋದು ಇದರಿಂದಲೇ.

ಇದೇನು ಹೊಸ ಸಂಗತಿಯಲ್ಲ. ಜರ್ಮನಿಯ ಸೆನ್‌ಹೈಸರ್ 1968ರಲ್ಲೇ ಹಳದಿ ಸ್ಪಂಜಿನ ಎಚ್‌ಡಿ 414 ಎಂಬ ಓಪನ್ ಬ್ಯಾಕ್ ಹೆಡ್‌ಫೋನ್ ತಂದಿತ್ತು. 1979ರಲ್ಲಿ ಬಂದ ಸೋನಿ ವಾಕ್‌ಮನ್ ಜೊತೆಗಿದ್ದದ್ದೂ ಹಗುರ ಸ್ಪಂಜಿನ ಹೆಡ್‌ಫೋನೇ. ಅಮೆರಿಕದ ಕಾಸ್ ಕಂಪನಿಯ ಪೋರ್ಟಾ ಪ್ರೊ 1984ರದ್ದು. ಇವತ್ತಿಗೂ ಹೆಚ್ಚುಕಡಿಮೆ ಅದೇ ರೂಪದಲ್ಲಿ ಮಾರಾಟವಾಗ್ತಿದೆ.

ಮೊದಲ ಪ್ರಶ್ನೆ: ಎಲ್ಲಿ ಕೇಳ್ತೀರಿ?

ತೆರೆದ ಬೆನ್ನಿಗೆ ಒಂದು ತೊಂದರೆಯೂ ಇದೆ. ನಿಮ್ಮ ಹಾಡು ಪಕ್ಕದವರಿಗೆ ಕೇಳಿಸುತ್ತೆ, ಹೊರಗಿನ ಗದ್ದಲ ನಿಮಗೆ ಕೇಳಿಸುತ್ತೆ. ರಾತ್ರಿ ಮನೆಯಲ್ಲಿ ಕೂತು ಕೇಳೋರಿಗೆ ಇದು ಹೇಳಿ ಮಾಡಿಸಿದ್ದು. ಮೆಟ್ರೋ, ಬಿಎಂಟಿಸಿ ಬಸ್ಸು, ಆಫೀಸಿಗೆ ಖಂಡಿತ ಬೇಡ.

ಯಾಕಂದ್ರೆ ಗದ್ದಲ ಮುಚ್ಚೋಕೆ ವಾಲ್ಯೂಮ್ ಏರಿಸ್ತಾ ಹೋಗ್ತೀವಿ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ದೊಡ್ಡವರು 80 ಡೆಸಿಬಲ್ ಸದ್ದನ್ನು ವಾರಕ್ಕೆ 40 ಗಂಟೆವರೆಗೆ ಕೇಳಬಹುದು. ಅಲ್ಲಿಂದ ಪ್ರತಿ 3 ಡೆಸಿಬಲ್ ಏರಿದಾಗಲೂ ಆ ಅವಧಿ ಅರ್ಧಕ್ಕಿಳಿಯುತ್ತೆ. ಅಂದರೆ 83ಕ್ಕೆ 20 ಗಂಟೆ, 86ಕ್ಕೆ ಬರೀ 10 ಗಂಟೆ. ಹೆಡ್‌ಫೋನ್ ಹಾಳಾದರೆ ಬೇರೆ ಕೊಳ್ಳಬಹುದು, ಕಿವಿ ಹಾಳಾದರೆ? ಓಡಾಟದಲ್ಲೇ ಹೆಚ್ಚು ಕೇಳೋರು ಕಿವಿಗೆ ಸರಿಯಾಗಿ ಕೂರುವ ಇಯರ್‌ಫೋನ್ ಅಥವಾ ಹೊರಗಿನ ಸದ್ದು ತಗ್ಗಿಸುವ ಹೆಡ್‌ಫೋನ್ ನೋಡಿ.

ಬಜೆಟ್‌ಗೆ ತಕ್ಕಂತೆ

*ಪುಕ್ಕಟೆ:* ಇರೋ ಹೆಡ್‌ಫೋನ್‌ನ ಆ್ಯಪ್‌ನಲ್ಲೋ ಫೋನ್ ಸೆಟ್ಟಿಂಗ್ಸ್‌ನಲ್ಲೋ ‘ಬೇಸ್ ಬೂಸ್ಟ್’ ಆರಿಸಿ. ಈಕ್ವಲೈಜರ್‌ನಲ್ಲಿ ಬೇಸ್ ಸ್ವಲ್ಪ ಇಳಿಸಿ ಒಂದು ವಾರ ಕೇಳಿ. ಎಷ್ಟೋ ಸಲ ಇಷ್ಟಕ್ಕೇ ಇಕ್ಕಟ್ಟು ಸಡಿಲವಾಗುತ್ತೆ.

*ತೀರಾ ಕಡಿಮೆ ಖರ್ಚು:* ಒಳ್ಳೆಯ ವೈರ್ ಇಯರ್‌ಫೋನ್. ಅದೇ ದುಡ್ಡಿನ ಬ್ಲೂಟೂತ್‌ನಲ್ಲಿ ಬ್ಯಾಟರಿ, ಚಿಪ್, ಚಾರ್ಜಿಂಗ್ ಡಬ್ಬಿ ಎಲ್ಲಕ್ಕೂ ಪಾಲು ಹೋಗುತ್ತೆ. ವೈರ್‌ನದ್ದರಲ್ಲಿ ಅದೆಲ್ಲ ಇರಲ್ಲ.

*ಇನ್ನೂ ಸ್ವಲ್ಪ ಕೊಡಬಲ್ಲೆ ಅನ್ನೋರಿಗೆ:* ಮೇಲೆ ಹೇಳಿದ ಪೋರ್ಟಾ ಪ್ರೊ, ಸ್ಯಾಮ್ಸನ್ ಎಸ್‌ಆರ್ 850, ಎಕೆಜಿ ಕೆ 240 ಸ್ಟುಡಿಯೊ, ಫಿಲಿಪ್ಸ್ ಎಸ್‌ಎಚ್‌ಪಿ 9500. ಸ್ಯಾಮ್ಸನ್ ಮತ್ತು ಎಕೆಜಿ ಅರ್ಧ ತೆರೆದ ಮಾದರಿ, ಫಿಲಿಪ್ಸ್ ಪೂರ್ತಿ ತೆರೆದದ್ದು. ಸ್ಯಾಮ್ಸನ್, ಫಿಲಿಪ್ಸ್ ಎರಡೂ 32 ಓಮ್‌ನವು, ಫೋನಿನಿಂದಲೇ ಸಲೀಸಾಗಿ ನಡೆಯುತ್ತವೆ. ಬೆಲೆ ಏರಿಳಿಯುತ್ತಿರುತ್ತೆ, ಸ್ಟಾಕ್ ಕೂಡ ಯಾವಾಗಲೂ ಸಿಗಲ್ಲ. ಆಫರ್ ಬರುವವರೆಗೆ ತಾಳ್ಮೆ ಇರಲಿ.

ಫೋನ್‌ನಲ್ಲಿ 3.5 ಎಂಎಂ ಕಿಂಡಿ ಇಲ್ಲದಿದ್ದರೆ ಟೈಪ್ ಸಿ ಅಡಾಪ್ಟರ್ ಬೇಕು. ಒಳಗೆ ‘ಡಿಎಸಿ’ ಚಿಪ್ ಇರೋದನ್ನೇ ಕೇಳಿ ತಗೊಳ್ಳಿ. ಅದಿಲ್ಲದ ಅಡಾಪ್ಟರ್ ಕೆಲವು ಫೋನ್‌ಗಳಲ್ಲಿ ಕೆಲಸವನ್ನೇ ಮಾಡಲ್ಲ.

ಡಬ್ಬಿ ಮೇಲಿನ ಮಾತು

‘40,000 ಹರ್ಟ್ಜ್‌ವರೆಗೆ’ ಅಂತ ಬರೆದಿದ್ದರೆ ಮರುಳಾಗಬೇಡಿ. ಮನುಷ್ಯರ ಕಿವಿಯ ಮಿತಿಯೇ ಸುಮಾರು 20,000. ಡ್ರೈವರ್ ದೊಡ್ಡದಿದ್ದ ಮಾತ್ರಕ್ಕೆ ದನಿ ವಿಶಾಲ ಆಗಲ್ಲ. ‘7.1 ಸರೌಂಡ್’ ಗೇಮ್‌ಗೆ ಉಪಯೋಗಕ್ಕೆ ಬರಬಹುದು, ಹಾಡಿಗೆ ಹಾಕಿದರೆ ಎಷ್ಟೋ ಸಲ ಬಾವಿಯೊಳಗಿಂದ ಹಾಡಿದ ಹಾಗಿರುತ್ತೆ.

ಕೊಳ್ಳುವ ಮುಂಚೆ ನಾಲ್ಕು ಪರೀಕ್ಷೆ

1. ನಿಮಗೆ ಬಾಯಿಪಾಠವಾಗಿರೋ ಹಾಡನ್ನೇ ಹಾಕಿ. ಅಂಗಡಿಯವರ ಡೆಮೊ ಹಾಡು ಬೇಡ.

2. ಒಂದು ಕಛೇರಿಯ ನೇರ ರೆಕಾರ್ಡಿಂಗ್ ಕೇಳಿ. ತನಿ ಆವರ್ತನದ ನಡುವೆಯೂ ತಂಬೂರಿ ಕೇಳ್ತಿದೆಯಾ? ಚಪ್ಪಾಳೆ ಹರಡಿಕೊಂಡು ಬರ್ತಿದೆಯಾ, ಒಂದೇ ಮುದ್ದೆಯಾ?

3. ‘ಸ’, ‘ಶ’ ಅಕ್ಷರಗಳು ಕಿವಿಗೆ ಚುಚ್ಚಿದರೆ ಅದು ಗಾಳಿಯಲ್ಲ, ಬೇಕಂತಲೇ ಏರಿಸಿದ ಟ್ರೆಬಲ್. ಹತ್ತು ನಿಮಿಷ ಚೆನ್ನಾಗಿರುತ್ತೆ, ಒಂದು ಗಂಟೆಗೆ ತಲೆನೋವು. ಇಯರ್‌ಫೋನ್‌ನಲ್ಲಿ ಬೇಸ್ ಮಾಯವಾಗಿ ದನಿ ತೆಳ್ಳಗಾಗಿದ್ದರೆ ರಬ್ಬರ್ ತುದಿಯ ಅಳತೆ ಬದಲಿಸಿ ನೋಡಿ.

4. ಎರಡನ್ನು ಹೋಲಿಸುವಾಗ ವಾಲ್ಯೂಮ್ ಒಂದೇ ಮಟ್ಟದಲ್ಲಿರಲಿ. ಜೋರಾಗಿರೋದೇ ಚೆನ್ನಾಗಿದೆ ಅನ್ನಿಸೋದು ಎಲ್ಲರ ಕಿವಿಯ ಸ್ವಭಾವ.

ಆನ್‌ಲೈನ್‌ನಲ್ಲಿ ತಗೊಂಡರೆ ವಾಪಸ್ ಮಾಡುವ ನಿಯಮ ಮೊದಲೇ ಓದಿ, ಎಸ್‌ಪಿ ರೋಡ್‌ನಂಥ ಕಡೆ ತಗೊಂಡರೆ ಬಿಲ್ ಮತ್ತು ವಾರಂಟಿ ಕೇಳಿ ಪಡೆಯಿರಿ. ಮನೆಗೆ ಬಂದ ಮೇಲೆ ವಾಲ್ಯೂಮ್ ಮೊದಲಿಗಿಂತ ಎರಡು ಗೆರೆ ಕೆಳಗಿಟ್ಟೂ ಹಾಡು ತುಂಬಿಕೊಂಡು ಕೇಳಿಸಿದರೆ, ನಿಮ್ಮ ಆಯ್ಕೆ ಸರಿಯಾಗಿದೆ ಅಂತಲೇ ಅರ್ಥ.