ಮಾಯೆ ತೆರೆದ ಸತ್ಯ

ಪೌರಾಣಿಕ ಚಲನಚಿತ್ರಗಳು ನೂರಾರು ಬಂದವು, ಹೋದವು. ಕೆ. ವಿ. ರೆಡ್ಡಿಯವರು ತೆಲುಗು ಮತ್ತು ತಮಿಳಿನಲ್ಲಿ ನಿರ್ದೇಶಿಸಿದ, 1957ರ ‘ಮಾಯಾಬಜಾರ್’ ಮಾತ್ರ ಮೂರು ತಲೆಮಾರುಗಳನ್ನು ನಗಿಸಿಯೂ ದಣಿದಿಲ್ಲ. ಘಟೋತ್ಕಚನ ಬಾಯಿಗೆ ಲಡ್ಡುಗಳು ತಾವಾಗಿ ಹಾರಿ ಬೀಳುವ ಚಮತ್ಕಾರವೇ ಇದಕ್ಕೆ ಕಾರಣವೆನ್ನುವವರಿದ್ದಾರೆ. ಮಾರ್ಕಸ್ ಬಾರ್ಟ್ಲಿಯವರ ಛಾಯಾಗ್ರಹಣದ ಕೌಶಲ ದೊಡ್ಡದು, ನಿಜ. ಆದರೆ ಅದಕ್ಕಿಂತ ದೊಡ್ಡ ಚಮತ್ಕಾರಗಳನ್ನು ಇಂದು ಮಕ್ಕಳೂ ಕಂಡಿದ್ದಾರೆ. ಕಾರಣ ಬೇರೆಡೆ ಇರಬೇಕು.

ಈ ಕಥೆ ವ್ಯಾಸಭಾರತದಲ್ಲಿಲ್ಲ. ಅಲ್ಲಿ ಅಭಿಮನ್ಯುವಿನ ಮಡದಿ ಉತ್ತರೆ. ಬಲರಾಮನ ಮಗಳನ್ನು ಅವನಿಗೆ ತಂದುಕೊಂಡವರು ನಮ್ಮ ಜನ. ತೆಲುಗರಿಗೆ ಆಕೆ ಶಶಿರೇಖೆ, ಮರಾಠಿಗರಿಗೆ ವತ್ಸಲೆ ಅಥವಾ ಸುರೇಖೆ, ಕರಾವಳಿಯ ಯಕ್ಷಗಾನದಲ್ಲಿ ಕನಕಾಂಗಿ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ನಮಗೆ ನೆರೆಯೂರೇ ಆದ ಕೊಲ್ಹಾಪುರದಲ್ಲಿ ಬಾಬುರಾವ್ ಪೇಂಟರ್ ಮೂಕಿಚಿತ್ರಗಳ ಕಾಲದಲ್ಲಿಯೇ ಇದನ್ನು ತೆರೆಗೆ ತಂದರು. 1921ರ ‘ಸುರೇಖಾ ಹರಣ’ದಲ್ಲಿಯೇ ವಿ. ಶಾಂತಾರಾಮ್ ನಟರಾಗಿ ಮೊದಲು ಕಾಣಿಸಿಕೊಂಡದ್ದು.

ಇಷ್ಟು ಭಾಷೆಗಳು ಒಂದೇ ಕಥೆಯನ್ನು ಹಂಬಲಿಸಿದ್ದೇಕೆ? ಅದರ ಬೀಜ ಯುದ್ಧವಲ್ಲ, ಕೊಟ್ಟ ಮಾತು. ಪಾಂಡವರು ಸಿರಿವಂತರಾಗಿದ್ದಾಗ ಒಪ್ಪಿದ ಸಂಬಂಧ ಅವರು ರಾಜ್ಯ ಕಳೆದುಕೊಂಡೊಡನೆ ಬೇಡವಾಗುತ್ತದೆ. ತಂಗಿ ಸುಭದ್ರೆ ಅಣ್ಣನ ಮನೆಯಲ್ಲಿಯೇ ಹೊರಗಿನವಳಾಗುತ್ತಾಳೆ. ನಮ್ಮ ಸೀಮೆಯಲ್ಲಿ ತಂಬಾಕಿನ ದರ ಕುಸಿದ ವರ್ಷ ವೀಳ್ಯದ ಶಾಸ್ತ್ರ ಮುಗಿದ ಸಂಬಂಧಗಳು ಮುರಿದುದನ್ನು ನಾನು ಬಲ್ಲೆ. ಹಾಗೆ ನಿಂತುಹೋದ ಮದುವೆಯ ಹೆಣ್ಣುಮಕ್ಕಳ ಪರವಾಗಿ ಯಾವ ಘಟೋತ್ಕಚನೂ ಬರಲಿಲ್ಲ.

ಮಾಯೆಯೆಂದರೆ ಸತ್ಯವನ್ನು ಮುಚ್ಚುವಂಥದು ಎಂದು ನಾವು ಓದಿದ್ದೇವೆ. ಈ ಚಿತ್ರದಲ್ಲಿ ಅದು ಸತ್ಯವನ್ನು ತೆರೆಯುತ್ತದೆ. ಪ್ರಿಯದರ್ಶಿನಿ ಎಂಬ ಪೆಟ್ಟಿಗೆ ನೋಡಿದವರಿಗೆ ಅವರವರ ಪ್ರಿಯವಸ್ತುವನ್ನೇ ತೋರಿಸುತ್ತದೆ. ಶಶಿರೇಖೆಗೆ ಅಭಿಮನ್ಯು ಕಂಡರೆ ಬಲರಾಮನಿಗೆ ಕಾಣುವವನು ಶಿಷ್ಯ ದುರ್ಯೋಧನ. ಮುಂದೆ ಸತ್ಯಪೀಠದ ಮೇಲೆ ನಿಂತ ಶಕುನಿ ತನ್ನ ಕಪಟವನ್ನು ತಾನೇ ಒದರುತ್ತಾನೆ. ಮಾಯಾನಗರಿಯ ಮೋಜಿಗೆ ಮರುಳಾದ ಬೀಗರ ಆಸೆಬುರುಕತನವಾದರೋ ಮಾಯೆಯಲ್ಲ, ಅವರದೇ ಸ್ವತ್ತು.

ಸಾವಿತ್ರಿಯವರ ಅಭಿನಯದ ಹಿರಿಮೆಯೂ ಇಲ್ಲಿಯೇ. ಚಿತ್ರದ ಉತ್ತರಾರ್ಧದಲ್ಲಿ ಅವರು ಬಹುಪಾಲು ಶಶಿರೇಖೆಯಲ್ಲ, ಶಶಿರೇಖೆಯ ವೇಷದ ಘಟೋತ್ಕಚ. ಸೆರಗಿನ ಮರೆಯಿಂದ ರಾಕ್ಷಸನ ಗತ್ತು ಇಣುಕುತ್ತದೆ, ಮದುಮಗ ಲಕ್ಷ್ಮಣಕುಮಾರ ಬೆದರುತ್ತಾನೆ. ಒಪ್ಪಿಗೆ ಕೇಳದೆ ಧಾರೆಯೆರೆಯಹೊರಟ ಹುಡುಗಿಯ ಕೋಪಕ್ಕೆ ಅಲ್ಲಿ ದೈತ್ಯಬಲ ಬಂದಿದೆ.

ಚಿತ್ರದುದ್ದಕ್ಕೂ ಪಾಂಡವರು ಒಮ್ಮೆಯೂ ತೆರೆಯ ಮೇಲೆ ಬರುವುದಿಲ್ಲ. ವೀರರನ್ನು ಬದಿಗಿಟ್ಟು ಬೀಗತನದ ಜಗಳವನ್ನು, ಅಡುಗೆಮನೆಯನ್ನು, ಮದುವೆಯ ಚಪ್ಪರವನ್ನು ಆರಿಸಿಕೊಂಡ ಭಾರತಕಥೆಯಿದು. ಕುಲಗೋಡ ತಮ್ಮಣ್ಣನ ‘ಶ್ರೀಕೃಷ್ಣ ಪಾರಿಜಾತ’ದಲ್ಲಿ ದ್ವಾರಕೆಯ ದೊರೆಯನ್ನು ಇಬ್ಬರು ಹೆಂಡಿರ ನಡುವೆ ಕಂಡು ನಕ್ಕ ನಮ್ಮ ಹಳ್ಳಿಗರಿಗೆ ಇದರ ಮರ್ಮವನ್ನು ವಿವರಿಸಿ ಹೇಳಬೇಕಾದದ್ದಿಲ್ಲ.

2010ರಲ್ಲಿ ತೆಲುಗು ಚಿತ್ರಕ್ಕೆ ಬಣ್ಣ ತುಂಬಿ ಮತ್ತೆ ಬಿಡುಗಡೆ ಮಾಡಿದರು. ಬಣ್ಣವಿರಲಿ, ಇಲ್ಲದಿರಲಿ, ಬಡವರಾದ ನೆಂಟರಿಗೆ ಬಾಗಿಲು ಮುಚ್ಚುವ ಮನೆಗಳು ಇರುವತನಕ ಈ ನಗೆಗೆ ಕೆಲಸವಿದ್ದೇ ಇರುತ್ತದೆ.