ಮೊರಕ್ಕೆ ಹಾಕಿದ ಆಟ

ಬೆಂಗಳೂರಿನ ವಿದ್ಯಾರಣ್ಯಪುರ ದಾಟಿದರೆ ಸಿಗುವ ಸಿಂಗಾಪುರದಲ್ಲಿ ನನ್ನ ಅಕ್ಕನ ಮನೆ. ಅವಳ ಮಗ ಪಿಯುಸಿ ಓದುತ್ತಾನೆ, ಬಿಡುವಿನಲ್ಲಿ ಜಿಟಿಎ ಆಡುತ್ತ ಕನ್ನಡದಲ್ಲಿ ಕಾಮೆಂಟರಿ ಹೇಳಿ ವಿಡಿಯೊ ಮಾಡುತ್ತಾನೆ. ಕಳೆದ ತಿಂಗಳು ಒಂದು ಸಂಜೆ ನಲವತ್ತು ನಿಮಿಷ ರೆಕಾರ್ಡ್ ಮಾಡಿದ್ದ. ಇನ್ನೇನು ನಿಲ್ಲಿಸಬೇಕು ಅನ್ನುವಾಗ ಕರೆಂಟು ಹೋಯಿತು. ಬಂದ ಮೇಲೆ ನೋಡಿದರೆ ಫೈಲು ಇದೆ, ಗಾತ್ರವೂ ಇದೆ, ಆದರೆ ಯಾವ ಪ್ಲೇಯರಿನಲ್ಲೂ ತೆರೆಯದು. "ಈ ಸಾಫ್ಟ್‌ವೇರೇ ಸರಿ ಇಲ್ಲ ಮಾಮ. ಬೇರೆ ಯಾವ್ದು ಚೆನ್ನಾಗಿದೆ ಹೇಳಿ" ಅಂದ.

ಅವನು ಬಳಸುತ್ತಿದ್ದುದು ಒಬಿಎಸ್ ಸ್ಟುಡಿಯೊ. 2012ರಲ್ಲಿ ಹ್ಯೂ ಬೇಯ್ಲಿ ಬಿಡುಗಡೆ ಮಾಡಿದ, ಪೂರ್ತಿ ಉಚಿತವಾದ, ಮೂಲಸಂಕೇತ ಎಲ್ಲರಿಗೂ ತೆರೆದಿರುವ ತಂತ್ರಾಂಶ. ತಪ್ಪು ಅದರದ್ದಲ್ಲ. ಅಳಿಯ ಫೈಲಿನ ಬಗೆಯನ್ನು ಎಂಪಿ4 ಎಂದು ಬದಲಿಸಿಕೊಂಡಿದ್ದ. ಸಾಮಾನ್ಯ ಎಂಪಿ4 ಫೈಲು ಪರಿವಿಡಿಯನ್ನು ಕೊನೆಯಲ್ಲಿ ಬರೆಯುವ ಪುಸ್ತಕದ ಹಾಗೆ: ಯಾವ ಫ್ರೇಮು ಎಲ್ಲಿದೆ ಎಂಬ ಪಟ್ಟಿ ರೆಕಾರ್ಡಿಂಗ್ ನಿಲ್ಲಿಸಿದಾಗ ಮಾತ್ರ ಸೇರುತ್ತದೆ. ಅಷ್ಟರೊಳಗೆ ಕರೆಂಟು ಹೋದರೆ ಪುಟಗಳೆಲ್ಲ ಇದ್ದೂ ಓದಲು ದಾರಿಯಿಲ್ಲ. ಎಂಕೆವಿ ಬಗೆಯ ಫೈಲು ಬರೆದಷ್ಟನ್ನು ಅಲ್ಲಲ್ಲೇ ಗುರುತು ಮಾಡಿಕೊಂಡು ಹೋಗುತ್ತದೆ, ನಡುವೆ ನಿಂತರೂ ನಿಂತಲ್ಲಿಯವರೆಗೆ ಉಳಿಯುತ್ತದೆ. ಅದರಲ್ಲೇ ರೆಕಾರ್ಡ್ ಮಾಡಿ, ಮುಗಿದ ಮೇಲೆ ಒಬಿಎಸ್‌ನ 'ರೀಮಕ್ಸ್' ಆಯ್ಕೆಯಿಂದ ಎಂಪಿ4 ಮಾಡಿಕೊಳ್ಳಬಹುದು. ಗುಣಮಟ್ಟ ಎಳ್ಳಷ್ಟೂ ಕೆಡದು. 2024ರ ಆವೃತ್ತಿಯೊಂದರಲ್ಲಿ ಬಂದ 'ಹೈಬ್ರಿಡ್ ಎಂಪಿ4' ಕೂಡ ಇದೇ ಅಪಾಯಕ್ಕೆ ಮದ್ದು.

ಅಷ್ಟು ಹೇಳಿ ಎದ್ದು ಬರಬಹುದಿತ್ತು. ಆದರೆ ಯಾವ ಸಾಫ್ಟ್‌ವೇರ್ ಎಂಬ ಅವನ ಪ್ರಶ್ನೆಯ ಹಿಂದೆ ಇನ್ನೊಂದು ದೊಡ್ಡ ಪ್ರಶ್ನೆ ಇತ್ತು. ಅವನನ್ನೇ ಕೂರಿಸಿಕೊಂಡು ಲೆಕ್ಕ ಹಾಕಿದೆ.

ಅವನ ಪರದೆಯಲ್ಲಿ ಅಡ್ಡಕ್ಕೆ 1920, ಉದ್ದಕ್ಕೆ 1080, ಒಟ್ಟು 20,73,600 ಪಿಕ್ಸೆಲ್. ಒಂದೊಂದರ ಬಣ್ಣಕ್ಕೆ 3 ಬೈಟ್. ಸೆಕೆಂಡಿಗೆ 60 ಫ್ರೇಮು. ಗುಣಿಸಿದರೆ ಸೆಕೆಂಡಿಗೆ ಸುಮಾರು 373 ಎಂಬಿ, ನಿಮಿಷಕ್ಕೆ 22 ಜಿಬಿಗೂ ಮೇಲೆ. ಅವನ 256 ಜಿಬಿ ಡಿಸ್ಕು ಪೂರ್ತಿ ಖಾಲಿ ಇದ್ದರೂ ಹನ್ನೆರಡು ನಿಮಿಷದೊಳಗೆ ತುಂಬಿಹೋಗಬೇಕು. ಅವನು ನಲವತ್ತು ನಿಮಿಷ ರೆಕಾರ್ಡ್ ಮಾಡಿದ್ದ ಫೈಲು 6 ಜಿಬಿ. ನೂರೈವತ್ತು ಪಾಲಿನಲ್ಲಿ ಒಂದು ಪಾಲು ಉಳಿಸಿಕೊಂಡು ಮಿಕ್ಕಿದ್ದನ್ನೆಲ್ಲ ಯಾರೋ ಎಸೆದಿದ್ದಾರೆ, ನೋಡುವ ಕಣ್ಣಿಗೆ ಗೊತ್ತೇ ಆಗದ ಹಾಗೆ. ಎಸೆಯುವುದು ಯಾರು, ಎಲ್ಲಿ, ಎಷ್ಟು ಎಂಬುದು ತಿಳಿದರೆ ಸಾಫ್ಟ್‌ವೇರ್ ಆರಿಸುವುದು ಸುಲಭ.

ಎಸೆಯುವ ಮೊದಲು ಕಾಳು ಯಾವುದು, ಜೊಳ್ಳು ಯಾವುದು ಎಂದು ಬೇರೆ ಮಾಡಬೇಕಲ್ಲ. ಆ ವಿದ್ಯೆ ಕಂಡುಹಿಡಿದವರಲ್ಲಿ ಮೊದಲಿಗರು ನಮ್ಮ ಊರಿನವರು. 1940ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ನಾಸಿರ್ ಅಹಮದ್, ಕೆ.ಆರ್. ವೃತ್ತದ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿನಲ್ಲಿ, ಅಂದರೆ ಇಂದಿನ ಯುವಿಸಿಇಯಲ್ಲಿ, 1961ರಲ್ಲಿ ಪದವಿ ಪಡೆದು ಅಮೆರಿಕಕ್ಕೆ ಹೋದರು. ಕಾನ್ಸಾಸ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿದ್ದಾಗ, 1972ರಲ್ಲಿ, ಕೊಸೈನ್ ಅಲೆಗಳಿಂದ ಚಿತ್ರವನ್ನು ಸಂಕ್ಷೇಪಿಸುವ ಸಂಶೋಧನೆಗೆ ನೆರವು ಕೋರಿ ಅಲ್ಲಿನ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನಕ್ಕೆ ಅರ್ಜಿ ಹಾಕಿದರು. ಹಣ ಸಿಗಲಿಲ್ಲ. ವಿಚಾರ ತೀರಾ ಸರಳವಾಯಿತು ಎಂದು ಪರಿಶೀಲಕರೊಬ್ಬರು ಬರೆದದ್ದನ್ನು ಅವರು ಮುಂದೆ ನೆನಪಿಸಿಕೊಂಡಿದ್ದಾರೆ. ಆದರೂ ಬಿಡದೆ, ತಮ್ಮ ವಿದ್ಯಾರ್ಥಿ ಟಿ. ನಟರಾಜನ್ ಮತ್ತು ಗೆಳೆಯ ಕೆ.ಆರ್. ರಾವ್ ಜೊತೆ ದುಡಿದು 1974ರ ಜನವರಿಯಲ್ಲಿ ನಾಲ್ಕೇ ಪುಟದ ಪ್ರಬಂಧ ಪ್ರಕಟಿಸಿದರು. ಅದರ ಹೆಸರು ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್, ಚಿಕ್ಕದಾಗಿ ಡಿಸಿಟಿ. ಜೆಪೆಗ್ ಫೋಟೊದಿಂದ ಹಿಡಿದು, 2003ರಲ್ಲಿ ಬಂದು ಇಂದಿಗೂ ಎಲ್ಲೆಡೆ ಓಡುತ್ತಿರುವ ಎಚ್.264 ವಿಡಿಯೊವರೆಗೆ ಇದೇ ವಿದ್ಯೆಯ ವಂಶ. ಸಿಂಗಾಪುರದ ಹುಡುಗನ ಕಂಪ್ಯೂಟರಿನಲ್ಲಿ ಸೆಕೆಂಡಿನ ಅರವತ್ತೂ ಫ್ರೇಮಿನ ಮೇಲೆ ಇದು ನಡೆಯುತ್ತಿದೆ ಎಂದು ಹೇಳುವಾಗ ನನಗೆ ಮೈ ಝುಮ್ಮೆಂದಿತು.

ಮೊರದಲ್ಲಿ ಅಕ್ಕಿ ಕೇರುವುದನ್ನು ನೆನೆಸಿಕೊಳ್ಳಿ. ಮೊರ ಆಡಿಸಿದ ಮಾತ್ರಕ್ಕೆ ಏನೂ ಕಡಿಮೆಯಾಗದು, ಆದರೆ ಕಾಳು ಒಂದು ಕಡೆ, ತೌಡು ಒಂದು ಕಡೆ ಸರಿಯುತ್ತವೆ. ಡಿಸಿಟಿ ಮಾಡುವುದು ಅಷ್ಟೇ. ಚಿತ್ರವನ್ನು 8ಕ್ಕೆ 8ರಂಥ ಪುಟ್ಟ ಚೌಕಗಳಾಗಿ ಕತ್ತರಿಸಿ, ಪ್ರತಿ ಚೌಕವನ್ನೂ ನಿಧಾನ ಏರಿಳಿತದಿಂದ ಚುರುಕು ಏರಿಳಿತದವರೆಗಿನ ಅಲೆಗಳ ಮೊತ್ತವಾಗಿ ಬರೆಯುತ್ತದೆ. 64 ಸಂಖ್ಯೆ ಕೊಟ್ಟರೆ 64 ಸಂಖ್ಯೆಯೇ ಬರುತ್ತದೆ. ಆದರೆ ಆಕಾಶ, ಗೋಡೆ, ರಸ್ತೆಯಂಥ ಚಿತ್ರಗಳಲ್ಲಿ ತೂಕವೆಲ್ಲ ಮೊದಲ ಕೆಲವು ಸಂಖ್ಯೆಗಳಲ್ಲಿ ಬಂದು ಕೂತು, ಉಳಿದವು ಸೊನ್ನೆಯ ಹತ್ತಿರ ಇರುತ್ತವೆ. ಚುರುಕು ಏರಿಳಿತಗಳ ಸಣ್ಣ ವ್ಯತ್ಯಾಸವನ್ನು ನಮ್ಮ ಕಣ್ಣೂ ಅಷ್ಟಾಗಿ ಗುರುತಿಸದು. ಆಮೇಲಿನ ಹಂತದಲ್ಲಿ ಸಂಖ್ಯೆಗಳನ್ನು ಭಾಗಿಸಿ ಹತ್ತಿರದ ಪೂರ್ಣಾಂಕಕ್ಕೆ ಇಳಿಸಿದಾಗ ಚಿಕ್ಕವೆಲ್ಲ ಸೊನ್ನೆಯಾಗಿ ಹಾರಿಹೋಗುತ್ತವೆ. ಎಷ್ಟರಿಂದ ಭಾಗಿಸಬೇಕು ಎಂಬುದೇ ಒಬಿಎಸ್‌ನಲ್ಲಿ 'ಸಿಕ್ಯೂಪಿ' ಎಂದು ಕಾಣುವ ಅಂಕಿಯ ಒಳಗುಟ್ಟು. ಅಂಕಿ ಚಿಕ್ಕದಾದಷ್ಟೂ ಕಡಿಮೆ ಎಸೆತ, ದೊಡ್ಡ ಫೈಲು.

ಇನ್ನೊಂದು ಉಳಿತಾಯ ಕಾಲದ್ದು. ಹಿಂದಿನ ಫ್ರೇಮಿನಲ್ಲಿದ್ದ ಕಟ್ಟಡ ಈ ಫ್ರೇಮಿನಲ್ಲಿ ಸ್ವಲ್ಪ ಎಡಕ್ಕೆ ಸರಿದಿದ್ದರೆ, ಎಷ್ಟು ಸರಿಯಿತು ಎಂದು ಮಾತ್ರ ಬರೆದರೆ ಸಾಕು. ಎಲ್ಲವೂ ಪೂರ್ತಿ ಇರುವ ಕೀಫ್ರೇಮು ಆಗೊಮ್ಮೆ ಈಗೊಮ್ಮೆ ಬರುತ್ತದೆ. ಆಟದ ವಿಡಿಯೊ ಕಷ್ಟವಾಗುವುದು ಇಲ್ಲೇ. ಸಂದರ್ಶನದಲ್ಲಿ ತುಟಿ ಅಲುಗುತ್ತದೆ, ಹಿನ್ನೆಲೆ ಹಾಗೇ ಇರುತ್ತದೆ. ಜಿಟಿಎಯಲ್ಲಿ ಮಳೆ ಬೀಳುವಾಗ ಕಾರು ಗಕ್ಕನೆ ತಿರುಗಿದರೆ, ಬಿಜಿಎಂಐನಲ್ಲಿ ಹುಲ್ಲಿನ ನಡುವೆ ಓಡಿದರೆ, ಇಡೀ ಪರದೆ ಒಮ್ಮೆಗೇ ಹೊಸದು, ಅದೂ ಸಣ್ಣ ಸಣ್ಣ ವಿವರಗಳಿಂದ ಕಿಕ್ಕಿರಿದದ್ದು. ಬಿಟ್‌ರೇಟನ್ನು, ಅಂದರೆ ಸೆಕೆಂಡಿಗೆ ಬರೆಯುವ ಬಿಟ್‌ಗಳ ಲೆಕ್ಕವನ್ನು, ಒಂದೇ ಮಟ್ಟಕ್ಕೆ ಕಟ್ಟಿಹಾಕಿದ್ದರೆ ಆ ಕ್ಷಣದಲ್ಲಿ ಚಿತ್ರ ಇಟ್ಟಿಗೆ ಇಟ್ಟಿಗೆಯಾಗಿ ಒಡೆಯುತ್ತದೆ. ನೇರಪ್ರಸಾರಕ್ಕೆ ಆ ಕಟ್ಟು ಬೇಕು, ಡಿಸ್ಕಿಗೆ ರೆಕಾರ್ಡ್ ಮಾಡುವಾಗ ಬೇಡ. ಅಳಿಯನಿಗೆ ಸಿಕ್ಯೂಪಿ 20 ಇಡಿಸಿದೆ. ಮಳೆಯ ದೃಶ್ಯಕ್ಕೆ ಎಷ್ಟು ಬೇಕೋ ಅಷ್ಟು ಜಾಗ ಅದೇ ತೆಗೆದುಕೊಳ್ಳುತ್ತದೆ.

ಇಷ್ಟೆಲ್ಲ ಲೆಕ್ಕಕ್ಕೆ ಇರುವ ಸಮಯ ಫ್ರೇಮಿಗೆ 16.7 ಮಿಲಿಸೆಕೆಂಡು. ಸಿಪಿಯುಗೆ ವಹಿಸಿದರೆ ಆಟವೂ ರೆಕಾರ್ಡಿಂಗೂ ಒಂದೇ ಒಲೆಗೆ ಕಿತ್ತಾಡುತ್ತವೆ, ಆಟ ತಡವರಿಸುತ್ತದೆ. ಅದಕ್ಕೇ ಚಿಪ್ಪಿನೊಳಗೆ ಈ ಕೆಲಸಕ್ಕೆಂದೇ ಬೇರೆ ಮೂಲೆ ಮಾಡಿದ್ದಾರೆ: 2011ರಲ್ಲಿ ಇಂಟೆಲ್‌ನ ಕ್ವಿಕ್ ಸಿಂಕ್, 2012ರಲ್ಲಿ ಎನ್ವಿಡಿಯಾದ ಎನ್‌ವೆಂಕ್, ಎಎಂಡಿಯದ್ದೂ ಉಂಟು. ರೆಕಾರ್ಡಿಂಗ್ ಸಾಫ್ಟ್‌ವೇರ್ ಯಾವುದೇ ಇರಲಿ, ಈ ಮೂಲೆಯನ್ನು ಬಳಸುತ್ತದೆಯೇ ಎಂದು ಮೊದಲು ನೋಡಬೇಕು. ಎಸ್.ಪಿ. ರಸ್ತೆಗೆ ಹಳೆಯ ಕಾರ್ಡು ಕೊಳ್ಳಲು ಹೋಗುವವರಿಗೆ ಒಂದು ಮಾತು: ಅಗ್ಗಕ್ಕೆ ಸಿಗುವ ಜಿಟಿ 1030ರಲ್ಲಿ ಎನ್‌ವೆಂಕ್ ಇಲ್ಲವೇ ಇಲ್ಲ.

ಧ್ವನಿಯನ್ನು ಬೇರೆ ಬೇರೆ ಟ್ರ್ಯಾಕಿನಲ್ಲಿ ಹಿಡಿಯುವುದನ್ನು ಮಾತ್ರ ಯಾರೂ ಮರೆಯಬಾರದು. ಒಬಿಎಸ್ ಆರು ಟ್ರ್ಯಾಕು ಕೊಡುತ್ತದೆ. ಒಂದರಲ್ಲಿ ಆಟದ ಸದ್ದು, ಇನ್ನೊಂದರಲ್ಲಿ ಮೈಕು. ಹಾಗಿದ್ದರೆ ನಡುವೆ ಕುಕ್ಕರ್ ಕೂಗಿದ ತುಣುಕನ್ನು ಮೈಕಿನಿಂದ ಮಾತ್ರ ತೆಗೆಯಬಹುದು, ಗುಂಡಿನ ಸದ್ದು ಕೆಡದು. ಮೊಬೈಲಿನಲ್ಲಿ ಆಡುವವರಿಗೆ ಬೇರೆ ತೊಡಕು. ಫೋನಿನ ರೆಕಾರ್ಡರು ಸಾಮಾನ್ಯವಾಗಿ ಫ್ರೇಮುಗಳನ್ನು ಸಮ ಅಂತರದಲ್ಲಿ ಹಿಡಿಯುವುದಿಲ್ಲ. ಎಡಿಟಿಂಗಿಗೆ ಹಾಕಿದಾಗ ಹತ್ತನೇ ನಿಮಿಷದ ಹೊತ್ತಿಗೆ ಮಾತು ಮುಂದೆ, ಚಿತ್ರ ಹಿಂದೆ ಆಗಬಹುದು. ಹ್ಯಾಂಡ್‌ಬ್ರೇಕ್ ಎಂಬ ಉಚಿತ ತಂತ್ರಾಂಶದಲ್ಲಿ ಸ್ಥಿರ ಫ್ರೇಮ್‌ರೇಟಿಗೆ ತಂದುಕೊಂಡರೆ ಸರಿಹೋಗುತ್ತದೆ.

ಎಡಿಟಿಂಗ್ ಸಾಫ್ಟ್‌ವೇರಿನ ಕಷ್ಟ ರೆಕಾರ್ಡಿಂಗಿನ ಕಷ್ಟದ ತಿರುಗುಮುರುಗು. ಟೈಮ್‌ಲೈನಿನಲ್ಲಿ ಎಲ್ಲೋ ಒಂದು ಕಡೆ ಬೆರಳಿಟ್ಟರೆ ಆ ಫ್ರೇಮು ಸಿದ್ಧವಾಗಿ ಕೂತಿರುವುದಿಲ್ಲ. ಹಿಂದಿನ ಕೀಫ್ರೇಮಿನಿಂದ ಶುರುಮಾಡಿ ಒಂದೊಂದೇ ಕಟ್ಟಿಕೊಂಡು ಬರಬೇಕು. ಎರಡು ಸೆಕೆಂಡಿಗೊಂದು ಕೀಫ್ರೇಮು ಇದ್ದರೆ 119 ಫ್ರೇಮಿನವರೆಗೂ ಹಿಂದೆ ಹೋಗಬೇಕಾದೀತು. ಹಳೆಯ ಲ್ಯಾಪ್‌ಟಾಪು ಅಲ್ಲಿ ಸುಸ್ತಾಗುತ್ತದೆ. ಪ್ರಾಕ್ಸಿ, ಅಂದರೆ ಕತ್ತರಿಸುವ ಕೆಲಸಕ್ಕೆಂದು ಮಾಡಿಕೊಂಡ ಚಿಕ್ಕ ಪ್ರತಿ, ಇದಕ್ಕೆ ಪರಿಹಾರ. ಉಚಿತವಾದ ಕೆಡೆನ್‌ಲೈವ್, ಶಾಟ್‌ಕಟ್ ಎರಡರಲ್ಲೂ ಇದೆ, ಡಾವಿಂಚಿ ರಿಸಾಲ್ವ್‌ನಲ್ಲೂ ಇದೆ. ಒಂದು ಕಾಲಕ್ಕೆ ಲಕ್ಷಾಂತರ ಡಾಲರಿಗೆ ಸಿನಿಮಾ ಲ್ಯಾಬುಗಳಿಗೆ ಮಾರಾಟವಾಗುತ್ತಿದ್ದ ಡಾವಿಂಚಿಯನ್ನು 2009ರಲ್ಲಿ ಬ್ಲ್ಯಾಕ್‌ಮ್ಯಾಜಿಕ್ ಕಂಪನಿ ಕೊಂಡು, ಆಮೇಲೆ ಉಚಿತ ಆವೃತ್ತಿಯನ್ನೂ ಬಿಟ್ಟಿತು. ಅದು ಬಲಶಾಲಿ, ಆದರೆ ಒಳ್ಳೆಯ ಗ್ರಾಫಿಕ್ಸ್ ಕಾರ್ಡು, 16 ಜಿಬಿ ಮೆಮೊರಿ ಬೇಡುತ್ತದೆ. ಅಳಿಯನ 8 ಜಿಬಿ ಯಂತ್ರಕ್ಕೆ ನಾನು ಕೆಡೆನ್‌ಲೈವ್ ಎಂದೆ. ಮುಗಿದ ವಿಡಿಯೊ ರಫ್ತು ಮಾಡುವಾಗ ಎರಡನೇ ಸಲ ಕೇರುತ್ತಾರೆ, ಯೂಟ್ಯೂಬ್ ಮೂರನೇ ಸಲ. ಮೊದಲ ಮೊರದಲ್ಲೇ ಬಿಗಿಹಿಡಿದರೆ ಕೊನೆಗೆ ಕಾಳೂ ಉಳಿಯದು. ಸೆಕೆಂಡಿಗೆ 60 ಫ್ರೇಮಿನ 1080 ವಿಡಿಯೊಗೆ ಯೂಟ್ಯೂಬ್ ಸೂಚಿಸುವುದು ಸೆಕೆಂಡಿಗೆ 12 ಮೆಗಾಬಿಟ್. ನಾನು ಅದಕ್ಕಿಂತ ಹೆಚ್ಚೇ ಇಡಿಸಿದೆ.

ಕನ್ನಡದಲ್ಲಿ ವಿಡಿಯೊ ಮಾಡುವವರಿಗೆ ಇನ್ನೂ ಒಂದು ಪರೀಕ್ಷೆ ಬಾಕಿ. ನಮ್ಮ ಒತ್ತಕ್ಷರ ಸರಿಯಾಗಿ ಕೂರಬೇಕಾದರೆ ಬಂದ ಸಂಕೇತಗಳನ್ನು ಸಾಫ್ಟ್‌ವೇರ್ ಜೋಡಿಸಿ ಹೊಸ ಆಕಾರ ಕೊಡಬೇಕು. ಆ ಕೆಲಸ ಬಾರದ ಕಡೆ ಅಕ್ಷರಗಳು ಬಿಡಿಬಿಡಿಯಾಗಿ ಸಾಲಿನಲ್ಲಿ ನಿಲ್ಲುತ್ತವೆ. ಮೊದಲ ದಿನವೇ ಇದನ್ನು ನೋಡಿಬಿಡಬೇಕು, ಐವತ್ತು ಕಟ್ ಮಾಡಿದ ಮೇಲಲ್ಲ. ಬಣ್ಣದ ವಿವರವನ್ನು ಈ ವಿಡಿಯೊಗಳು ಬೆಳಕಿನ ಕಾಲು ಭಾಗದಷ್ಟು ಮಾತ್ರ ಇಟ್ಟುಕೊಳ್ಳುವುದರಿಂದ, ಕಪ್ಪಿನ ಮೇಲೆ ಕೆಂಪಕ್ಷರದ ಅಂಚು ಮಸುಕಾಗುತ್ತದೆ. ಅಳಿಯ ಬಿಳಿ ಬಣ್ಣ ಆರಿಸಿದ. ಯಾವ ಪದ ಹೊಡೆದು ನೋಡಲಿ ಎಂದು ಕೇಳಿದ. ಪಕ್ಕದ ಊರಿನ ಹೆಸರೇ ಇದೆಯಲ್ಲ ಎಂದೆ. ಲಕ್ಷ್ಮೀಪುರ ಎಂದು ಟೈಪಿಸಿದ. ಕೆಡೆನ್‌ಲೈವ್‌ನ ಪರದೆಯ ಮೇಲೆ ಕ, ಷ, ಮ ಮೂರೂ ಒಂದರಡಿ ಒಂದು ಸೇರಿ, ದೀರ್ಘವೂ ತನ್ನ ಜಾಗದಲ್ಲಿ ಬಂದು ಕೂತಿತು.