ಹಿಡಿ ಅಕ್ಕಿಯಿಂದ ಬೆಳೆದ ಚರ್ಚು

ಮಿಜೋರಾಮಿನ ಬಹಳಷ್ಟು ಮನೆಗಳಲ್ಲಿ ಅನ್ನಕ್ಕಿಡುವ ಮುನ್ನ ಮನೆಯಾಕೆ ಅಳೆದ ಅಕ್ಕಿಯಿಂದ ಒಂದು ಹಿಡಿ ತೆಗೆದು ಬೇರೆ ಪಾತ್ರೆಗೆ ಹಾಕುತ್ತಾಳೆ. ಹೊತ್ತು ಹೊತ್ತಿಗೂ ಒಂದು ಹಿಡಿ. ಹೀಗೆ ಕೂಡಿದ ಅಕ್ಕಿಯನ್ನು ಚರ್ಚಿನ ಹೆಂಗಸರು ಮನೆಮನೆಯಿಂದ ಎತ್ತಿ ಮಾರುತ್ತಾರೆ. ಬಂದ ಹಣ ಚರ್ಚಿನ ಕೆಲಸಕ್ಕೆ. ಇದರ ಹೆಸರು ‘ಬುಹ್‌ಫಾಯ್ ಥಾಮ್’. ಮಠದ ವಿದ್ಯಾರ್ಥಿನಿಲಯಗಳಿಗೆ ಹಿಡಿ ಧಾನ್ಯ ಕೊಟ್ಟ ನಮ್ಮ ಹಿರಿಯರಿಗೆ ಇದು ತೀರ ಹೊಸದೆನಿಸದು. 1910ರ ಸುಮಾರಿಗೆ ಆರಂಭವಾದ ಈ ಪದ್ಧತಿ ಇಂದಿಗೂ ನಿಂತಿಲ್ಲ.

ಒಂದು ನೆಲದ ಚರ್ಚು ಇನ್ನೊಂದು ನೆಲದಲ್ಲಿ ಬೇರು ಬಿಡುವುದು ಹೇಗೆ? ವಿದೇಶಿ ಹಣ, ವಿದೇಶಿ ಪಾದ್ರಿ ಎಂಬುದು ಸಾಮಾನ್ಯವಾಗಿ ಸಿಗುವ ಉತ್ತರ. ಮಿಜೋರಾಮಿನ ಕಥೆ ಅಷ್ಟು ಸರಳವಲ್ಲ.

ಹಾಗೆಂದು ಹೊರಗಿನವರ ಪಾತ್ರ ಇರಲಿಲ್ಲವೆಂದಲ್ಲ. ಅಂದು ಲುಶಾಯ್ ಬೆಟ್ಟಗಳೆನಿಸಿದ್ದ ಈ ಸೀಮೆಗೆ ಮೊದಲು ಬಂದದ್ದು ಬ್ರಿಟಿಷ್ ಸೈನ್ಯ. ಅದರ ಬೆನ್ನಿಗೆ, 1894ರ ಜನವರಿಯಲ್ಲಿ, ಲೊರೇನ್ ಮತ್ತು ಸ್ಯಾವಿಜ್ ಎಂಬ ಇಬ್ಬರು ಇಂಗ್ಲಿಷ್ ಮಿಷನರಿಗಳು ಬಂದರು. ಆ ಬಾರಿ ಅವರು ಅಲ್ಲಿದ್ದುದು ನಾಲ್ಕೇ ವರ್ಷ. ಬರವಣಿಗೆಯೇ ಇಲ್ಲದ ಮಿಜೋ ಭಾಷೆಗೆ ರೋಮನ್ ಅಕ್ಷರಗಳನ್ನು ಹೊಂದಿಸಿದರು, ಲೂಕನ ಸುವಾರ್ತೆಯನ್ನು ಅನುವಾದಿಸಿದರು. ದೇವರಿಗೆ ಇಂಗ್ಲಿಷಿನ ಶಬ್ದವನ್ನು ತರದೆ, ಮಿಜೋಗಳು ಮೊದಲೇ ನಂಬಿದ್ದ ಮೇಲಿನ ದೇವರ ಹೆಸರು ‘ಪಥಿಯನ್’ ಎಂಬುದನ್ನೇ ಬಳಸಿದರು.

ಸ್ವರ್ಗದ ಕಲ್ಪನೆಯೂ ಅಲ್ಲಿ ಮೊದಲೇ ಇತ್ತು. ಅದು ‘ಪಿಯಾಲ್ರಾಲ್’. ಆದರೆ ದೊಡ್ಡ ಬೇಟೆಗಾರರಿಗೆ, ಊರಿಗೆಲ್ಲ ಔತಣ ಹಾಕಿಸಬಲ್ಲ ಸಿರಿವಂತರಿಗೆ ಮಾತ್ರ ಅಲ್ಲಿ ಪ್ರವೇಶ. ಉಳಿದವರಿಗೆಲ್ಲ ಸತ್ತವರ ಊರೇ ಗತಿ. ಬಡವನಿಗೂ ಆ ಬಾಗಿಲು ತೆರೆದಿದೆ ಎಂಬ ಮಾತು ಎಂಥ ಸಂಚಲನ ಉಂಟುಮಾಡಿರಬಹುದೆಂದು ಊಹಿಸಬಹುದು.

1897ರಲ್ಲಿ ವೇಲ್ಸ್ ಮಿಷನ್ನಿನ ಡಿ.ಇ. ಜೋನ್ಸ್ ಬಂದರು. 1899ರಲ್ಲಿ ಮೊದಲ ದೀಕ್ಷಾಸ್ನಾನವಾದದ್ದು ಇಬ್ಬರಿಗೆ. ಮುಂದೆ ಸುದ್ದಿ ಹರಡಿದ್ದು ಮಿಜೋಗಳ ಕಾಲ್ನಡಿಗೆಯಿಂದ. ವೇಲ್ಸ್‌ನಲ್ಲಿ 1904ರಲ್ಲಿ ಎದ್ದ ಉಜ್ಜೀವನದ ಅಲೆ ಖಾಸಿ ಬೆಟ್ಟಗಳನ್ನು ಮುಟ್ಟಿತ್ತು; 1906ರಲ್ಲಿ ಕೆಲವು ಮಿಜೋಗಳು ಅಲ್ಲಿನ ಸಭೆಗೆ ನಡೆದು ಹೋಗಿ, ಅದನ್ನು ತಮ್ಮ ಊರುಗಳಿಗೆ ತಂದರು.

ನಿಜವಾದ ಜಗ್ಗಾಟ ನಡೆದದ್ದು ಡೋಲಿನ ವಿಷಯದಲ್ಲಿ. ‘ಖುವಾಂಗ್’ ಎಂಬ ಮಿಜೋ ಡೋಲು ಔತಣಕ್ಕೆ, ಕುಣಿತಕ್ಕೆ, ‘ಝು’ ಎಂಬ ಅಕ್ಕಿಯ ಹೆಂಡಕ್ಕೆ ಜೊತೆಯಾಗಿದ್ದದ್ದು. ಮಿಷನರಿಗಳು ಅದನ್ನು ಆರಾಧನೆಯಿಂದ ದೂರವಿಟ್ಟು ಪಾಶ್ಚಾತ್ಯ ರಾಗದ ಗೀತೆಗಳನ್ನು ಕಲಿಸಿದರು. ಜನ ಹಾಡಿದರು, ಆದರೆ ಕಾಲು ಕುಣಿಯಲಿಲ್ಲ. 1919ರ ಉಜ್ಜೀವನದ ಬಳಿಕ ಡೋಲು ತಾನಾಗಿಯೇ ಒಳಗೆ ಬಂತು. ಪಟೇಯ ಮೊದಲಾದ ಮಿಜೋ ಕವಿಗಳು ತಮ್ಮದೇ ಧಾಟಿಯಲ್ಲಿ ಗೀತೆ ಕಟ್ಟಿದರು. ಡೋಲಿನ ಸುತ್ತ ಕೂಡಿ ಹಾಡುವ ಈ ಸಂಪ್ರದಾಯಕ್ಕೆ ‘ಲೆಂಗ್‌ಖೋಮ್ ಝೈ’ ಎಂದು ಹೆಸರು. ದುಃಖದ ಎಳೆಯಿರುವ ಈ ಹಾಡುಗಳು ಇಂದಿಗೂ ಸಾವಿನ ಮನೆಯಲ್ಲಿ ರಾತ್ರಿಯಿಡೀ ಕೇಳುತ್ತವೆ. ಚರ್ಚು ಮಿಜೋಗಳದ್ದಾದದ್ದು ಇಲ್ಲಿ ಎಂಬುದು ಈ ಲೇಖಕನ ಅಭಿಪ್ರಾಯ.

ಕಳೆದುಹೋದದ್ದೂ ಇದೆ. ಯುವಕರು ಒಟ್ಟಾಗಿ ಮಲಗುತ್ತಿದ್ದ, ಊರಿನ ಕಾವಲಿಗೂ ಕಷ್ಟಸುಖಕ್ಕೂ ಎದ್ದು ಬರುತ್ತಿದ್ದ ‘ಝೋಲ್‌ಬುಕ್’ ಎಂಬ ಮನೆಗಳು ಮರೆಯಾದವು. ಅದಕ್ಕೆ ಶಾಲೆ, ಚರ್ಚು, ಬ್ರಿಟಿಷ್ ಆಡಳಿತ ಮೂರೂ ಕಾರಣ. ಹಳೆಯ ಹಾಡುಗಳೂ ಎಷ್ಟೋ ಹೋದವು.

1966ರಲ್ಲಿ ಬಂಡಾಯ ಸಿಡಿದ ಮೇಲೆ, ಕೆಲವೇ ವರ್ಷಗಳಲ್ಲಿ ವಿದೇಶಿ ಮಿಷನರಿಗಳು ಜಾಗ ಖಾಲಿ ಮಾಡಬೇಕಾಯಿತು. ಪಾದ್ರಿಗಳು ಆಗಲೇ ಮಿಜೋಗಳಾಗಿದ್ದರು, ಅಕ್ಕಿಯೂ ಮಿಜೋಗಳದ್ದು. ಹೀಗಾಗಿ ಚರ್ಚು ಕುಗ್ಗಲಿಲ್ಲ. 2011ರ ಜನಗಣತಿಯಂತೆ ರಾಜ್ಯದ ಶೇಕಡ 87ರಷ್ಟು ಜನ ಕ್ರೈಸ್ತರು. ಈಗ ಮಿಜೋ ಚರ್ಚುಗಳೇ ಭಾರತದ ಬೇರೆ ರಾಜ್ಯಗಳಿಗೆ ತಮ್ಮ ಪ್ರಚಾರಕರನ್ನು ಕಳಿಸುತ್ತಿವೆ. ಅಲ್ಲಿ ಹೊರಗಿನವರು ಎನಿಸಿಕೊಳ್ಳುವ ಸರದಿ ಇವರದು. ಖರ್ಚಿನ ಒಂದು ಪಾಲು ಮಾತ್ರ ಇನ್ನೂ ಆ ಹಿಡಿ ಅಕ್ಕಿಯಿಂದಲೇ ಬರುತ್ತದೆ.